ಬಳಸಿ ಹೋದ ಗೆರೆ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ಹೊಳೆನರಸೀಪುರದ ನಮ್ಮ ಬೀದಿಯವರ ಸ್ಮಶಾನ ಕಣ್ಣಿಗೆ ಕಟ್ಟುತ್ತದೆ.

ಅದನ್ನು ನೋಡಿಕೊಳ್ಳುತ್ತಿದ್ದವರು ನನ್ನ ತಾತ. ಆ ಮಧ್ಯಾಹ್ನ ಲಂಟಾನ ಕಡಿಸಿ, ಮುಂದೆ ಗುಂಡಿ ತೋಡಬೇಕಾದ ಜಾಗಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದರು. ಹಗ್ಗದ ತುದಿ ನನ್ನ ಕೈಯಲ್ಲಿತ್ತು. ತುಂಬೆ ಗಿಡಗಳಿದ್ದ ಮೂಲೆಗೆ ಬಂದಾಗ ಅವರು ಗೆರೆಯನ್ನು ಗಿಡಗಳ ಸುತ್ತ ಬಳಸಿ ಎಳೆದರು.

“ಸೊಟ್ಟ ಆಯ್ತು ತಾತ,” ಅಂದೆ.

“ಆಗ್ಲಿ ಬುಡವ್ವ. ಎಳೆ ಮಕ್ಳಿಗೆ ಕಲ್ಲು ನೆಡಾಕಿಲ್ಲ. ಗೊತ್ತಿರೋರೇ ಬಳಸ್ಕಂಡು ಓಗ್ಬೇಕು.”

ದೊಡ್ಡ ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ನನ್ನ ಕಾಲಿನ ಸುಣ್ಣ ತೊಳೆಯುತ್ತಾ, ತಲೆ ಎತ್ತದೆ ಕೇಳಿದಳು: “ತುಂಬೆ ಗಿಡ ಕಿತ್ತಾಕುದ್ರಾ?”

“ಇಲ್ಲ ಕಣವ್ವ. ಹೂ ಬಿಟ್ಟವೆ.”

ಸುಣ್ಣ ಆಗಲೇ ಹೋಗಿತ್ತು. ಅವ್ವ ನನ್ನ ಕಾಲಿಗೆ ನೀರು ಹುಯ್ಯುತ್ತಲೇ ಇದ್ದಳು.