ಚಿನ್ನದ ಬಣ್ಣ

ತಂಗಿಯ ಮಗುವಿನ ಮೂಗಿನ ತುದಿಯನ್ನು ಅಕ್ಕ ಮೆಲ್ಲಗೆ ಒತ್ತಿ ಬಿಟ್ಟಳು. ಒತ್ತಿದ ಜಾಗ ಬೆಳ್ಳಗಾಗಲಿಲ್ಲ, ಅರಿಶಿನ ಬಳಿದಂತೆ ಹಳದಿಯಾಗಿತ್ತು. ಅಂಗಿ ಸರಿಸಿ ನೋಡಿದರೆ ಹೊಟ್ಟೆ, ತೊಡೆ, ಅಂಗಾಲಿನವರೆಗೂ ಅದೇ ಬಣ್ಣ. ಹೆರಿಗೆ ವಾರ್ಡಿನ ನರ್ಸ್ ಅವಳು. ರಜೆ ಸಿಕ್ಕಿ ಮಗುವನ್ನು ನೋಡಲು ಬಂದದ್ದೇ ಇವತ್ತು.

“ಚಿನ್ನದ ಬಣ್ಣ ಕಣೇ, ನಮ್ಮಲ್ಲಿ ಯಾರಿಗಿದೆ ಹೇಳು?” ಅಕ್ಕತಂಗಿಯರ ತಾಯಿ ಹಿಗ್ಗಿದಳು. “ಮೊದಮೊದಲು ಹಾಲಿಗೆ ಅತ್ತು ಊರೆಲ್ಲ ಒಂದು ಮಾಡ್ತಿದ್ದ. ಈಗ ಎಬ್ಬಿಸಿದ್ರೂ ಏಳಲ್ಲ. ಎಷ್ಟು ಸಾಧು ಅಂತೀಯ!”

ಅಕ್ಕ ಎತ್ತಿಕೊಂಡಳು. ಮಗು ಅವಳ ಎದೆಗೆ ಒರಗಲಿಲ್ಲ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ತಲೆಯನ್ನು ಹಿಂದಕ್ಕೆ ಸೆಟೆಸಿತು. ವಾರ್ಡಿನಲ್ಲಿ ಹಾಗೆ ಸೆಟೆದ ಮಕ್ಕಳನ್ನು ಅವಳು ಕಂಡಿದ್ದಳು.

“ಅಮ್ಮಾ, ಗಾಡಿ ಕರೆಸು. ಈಗಲೇ.”

ಗಾಡಿಯಲ್ಲಿ ತಂಗಿ ಹೆರಿಗೆಯ ಹೊಲಿಗೆಯ ನೋವಿಗೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. “ಕಾಮಾಲೆ ತಾನೇ ಅಕ್ಕಾ? ಪಕ್ಕದ ಮನೆ ಮಗುವನ್ನೂ ನೀಲಿ ಲೈಟಿನ ಕೆಳಗೆ ಇಟ್ಟಿದ್ರು, ಸರಿಹೋಯ್ತು. ಇವನಿಗೂ ಹೋಗುತ್ತೆ ಅಲ್ವಾ?”

ಲೈಟಿಗೂ ಬಗ್ಗದಿದ್ದರೆ ರಕ್ತವನ್ನೇ ಬದಲಾಯಿಸುತ್ತಾರೆ. ಆದರೆ ಹಾಗೆ ಸೆಟೆಯುವಷ್ಟು ಮಿದುಳಿಗೆ ಇಳಿದ ಹಳದಿಯನ್ನು ತೆಗೆಯುವವರಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಬಣ್ಣ ಹೋಗುತ್ತೆ,” ಎಂದಳು.

ತಂಗಿ ಅವಳ ಮುಖವನ್ನೇ ನೋಡಿದಳು.

“ಬಣ್ಣ ಮಾತ್ರಾನಾ ಅಕ್ಕಾ?”

ಅಕ್ಕ ಡ್ರೈವರನ ಕಡೆಗೆ ಬಾಗಿ, “ಇನ್ನೂ ಸ್ವಲ್ಪ ಜೋರಾಗಿ ಹೋಗಪ್ಪಾ,” ಎಂದಳು.