ಬಾಡಿಗೆಯ ಕೈ

ಪ್ರವಾಸೋದ್ಯಮ ಸಮ್ಮೇಳನಕ್ಕೆ ಈಗ ಪ್ರತಿನಿಧಿಗಳು ಪ್ರವಾಸ ಮಾಡುವುದಿಲ್ಲ. ತಮ್ಮೂರಿನ ಸೋಫಾದಲ್ಲೇ ಒರಗಿ, ಇಲ್ಲಿನವರ ಮೈಯನ್ನು ಬಾಡಿಗೆಗೆ ಹಿಡಿದು, ಅದರೊಳಗಿಂದಲೇ ಮಾತಾಡುತ್ತಾರೆ. ಮೀನು ಮಾರುವ ಮಾಸ್ತಮ್ಮನ ಮೈ ಈ ಸಲ ಸಿಂಗಪುರದ ಹೋಟೆಲ್ ಮಾಲೀಕರೊಬ್ಬರ ಪಾಲಿಗೆ ಬಂದಿತ್ತು. ಬಾಡಿಗೆಯ ಅಷ್ಟು ಹೊತ್ತೂ ಅವಳಿಗೆ ಎಲ್ಲ ಕಾಣುತ್ತದೆ, ಕೇಳುತ್ತದೆ; ನಾಲಿಗೆ, ಕೈಕಾಲು ಮಾತ್ರ ಅವರದ್ದು.

ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಅವಳ ಬಾಯಿ ಮೂಲಸೌಕರ್ಯ, ಆರ್ಥಿಕ ಬಾಂಧವ್ಯ ಎಂದು ನಲವತ್ತು ನಿಮಿಷ ಭಾಷಣ ಬಿಗಿಯಿತು. ಕೊನೆಗೆ, ಕಡಲ ನೋಟಕ್ಕೆ ಅಡ್ಡವಾಗಿರುವ ಮೀನುಗಾರರ ಕೇರಿಯನ್ನು ಕೆಡವಿ ರಸ್ತೆ ಮಾಡುವ ಠರಾವು ಬಂತು. ಪರದೆಯ ಮೇಲಿನ ಕೇರಿಯ ನೇರ ದೃಶ್ಯದಲ್ಲಿ ಅವಳು ಬೆಳಿಗ್ಗೆ ಒಣಹಾಕಿದ್ದ ಸೀರೆಯೂ ಕಾಣುತ್ತಿತ್ತು. ಅವಳ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು. ಹಿಂದೆಯೇ ಇನ್ನೂ ಹನ್ನೊಂದು ಕೈಗಳು ಎದ್ದವು. ಎಲ್ಲವೂ ಅದೇ ಕೇರಿಯವರವು.

ಸಂಜೆ ಮೈ ವಾಪಸು ಸಿಕ್ಕಿದ್ದೇ ತಡ, ಅವಳು ಸಂಘಟಕ ಗುರುನಾಥರ ಮುಂದೆ ನಿಂತಳು.

"ಎಂತ ಮಾಡ್ಸಿದ್ರಿ ಸಾರ್ ನನ್ ಕೈಯಲ್ಲಿ? ಅದು ನಮ್ ಕೇರಿ ಅಲ್ದಾ!"

ಗುರುನಾಥರು ಅವಳ ಹೆಗಲಿನಿಂದ ಶಾಲು ತೆಗೆದು ಮಡಚುತ್ತ ನಕ್ಕರು. "ಒತ್ತಾಯ ಎಂತದೂ ಇಲ್ಲ ಮಾಸ್ತಮ್ಮಾ. ಊರಿನವರೇ ಒಪ್ಪಿ ಕೈ ಎತ್ತಿದ್ದಾರೆ, ಫೋಟೋ ಇದೆ. ಸಾಹೇಬ್ರಿಗೆ ನಿಮ್ಮ ಮೈ ಭಾರೀ ಹಿಡಿಸಿದೆಯಂತೆ. ಕೇರಿ ಕೆಡವೋ ದಿನ ಹಸಿರು ಬಾವುಟ ತೋರಿಸೋದಕ್ಕೂ ನಿಮ್ಮನ್ನೇ ಕೇಳಿದ್ದಾರೆ."

ಮಾಸ್ತಮ್ಮ ತನ್ನ ಬಲಗೈಯನ್ನು ನೋಡಿದಳು.

"ಅವತ್ತು ಆಗೂದಿಲ್ಲ ಸಾರ್, ರಜೆ ಬೇಕು," ಎಂದಳು. "ಮನೆ ಸಾಮಾನು ಹೊರೂಕೆ ಈ ಕೈ ನಂಗೇ ಬೇಕು."