ದೊರೆ ಕಾಲದ ಹಾಗೆ

ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ಆ ತೋಟದ ಮನೆ ಪಾರಂಪರಿಕ ಕಟ್ಟಡವೆಂದು ಘೋಷಣೆಯಾದರೆ ಉಳಿಯುತ್ತಿತ್ತು. ಇಲ್ಲದಿದ್ದರೆ ಹೊಸ ಹೆದ್ದಾರಿಯ ಪಾಲಾಗುತ್ತಿತ್ತು. ವರದಿ ಬರೆಯಬೇಕಾದ ತಜ್ಞ ಜಯಸಿಂಹ ಹೊಸ್ತಿಲು ದಾಟಿದಾಗಿನಿಂದ ಮೂಗು ಮುರಿಯುತ್ತಲೇ ಇದ್ದ.

“ಅಗ್ಗಿಷ್ಟಿಕೆಯೊಳಗೆ ದೇವರಾ? ಯಾರಮ್ಮ ಈ ಘನಕಾರ್ಯ ಮಾಡಿದ್ದು?”

“ನಮ್ಮತ್ತೆ, ಸಾರ್. ಮನೆ ಕೊಂಡಾಗ ದೀಪ ಹಚ್ಚೋಕೆ ಬೇರೆ ಜಾಗ ಇರ್ಲಿಲ್ಲ,” ಎಂದಳು ಮನೆಯೊಡತಿ ಚೆನ್ನಾಜಮ್ಮ.

“ಕಮಾನಿನ ಕಿಟಕಿ ಮುಚ್ಚಿ ಒಲೆಕಟ್ಟೆ! ಅಂಥಾ ತೇಗದ ತೊಲೆಗೆ ತೊಟ್ಟಿಲ ಕೊಂಡಿ!”

“ಮಕ್ಕಳು ಹುಟ್ಟಿದ್ವಲ್ಲ, ಸಾರ್.”

“ಹುಟ್ಟಲಿ. ತೊಲೆ ಏನು ಪಾಪ ಮಾಡಿತ್ತು? ನೋಡಿ, ನೀವು ಸೇರಿಸಿದ್ದೆಲ್ಲ ಕಿತ್ತು ಹಾಕಿದ್ರೆ ಬರೀತೀನಿ. ಇಲ್ಲಾಂದ್ರೆ ಇಲ್ಲ.”

ಚೆನ್ನಾಜಮ್ಮ ಒಂದು ಗಳಿಗೆ ದೀಪವನ್ನೇ ನೋಡಿದಳು. “ಎಲ್ಲಾ ದೊರೆ ಕಾಲದಲ್ಲಿ ಇದ್ದ ಹಾಗೇನಾ, ಸಾರ್?”

“ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು.”

“ಆಗ್ಲಿ. ಕಾಫಿ ಮಾಡ್ತೀನಿ.”

ಇಂಥವರಿಗೆ ಗದರಿಸಿಯೇ ಬುದ್ಧಿ ಕಲಿಸಬೇಕು ಎಂದುಕೊಳ್ಳುತ್ತ ಜಯಸಿಂಹ ಹಜಾರದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಕಾಫಿಯ ಘಮ ಬಂತು, ಲೋಟ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಚೆನ್ನಾಜಮ್ಮ ಬರಿಗೈಯಲ್ಲಿ ಬಂದು, ಹಿತ್ತಿಲ ಬಾಗಿಲನ್ನು ತೆರೆದು ಹಿಡಿದು ನಿಂತಳು.

“ಕೊಟ್ಟಿಗೆ ಜಗಲಿ ಮೇಲಿಟ್ಟಿದ್ದೀನಿ, ಅಲ್ಲೇ ಹೋಗಿ ಕುಡೀರಿ, ಸಾರ್. ನಮ್ಮಂಥ ನಿಮ್ಮಂಥವರಿಗೆ ದೊರೆ ಏನು ಕೊಟ್ರೂ ಅಲ್ಲೇ ಕೊಡ್ತಿದ್ದಿದ್ದು.”